ಹೆಸರಿಟ್ಟವರ ಬೆನ್ನು

ನಮ್ಮೂರಿನಲ್ಲಿ ಕುದುರೆಗೆ ಹೆಸರಿಡುವವರನ್ನು ಬೆನ್ನು ನೋಡಿ ಆರಿಸುತ್ತಾರೆ. ಹೊಸದಾಗಿ ಬಂದವರು ಇದನ್ನು ಕೇಳಿ ನಗುವುದುಂಟು. ರೇಸಿನ ಒಂದು ಹಂಗಾಮನ್ನು ಇಲ್ಲಿ ಕಳೆದ ಮೇಲೆ ಅವರೂ ದಾರಿಯಲ್ಲಿ ಸಿಕ್ಕವರ ಯೋಗಕ್ಷೇಮ ವಿಚಾರಿಸಿ, ಬೀಳ್ಕೊಟ್ಟ ಮೇಲೆ ಒಮ್ಮೆ ಹಿಂತಿರುಗಿ ಅವರ ಬೆನ್ನಿನ ಅಗಲವನ್ನು ಅಂದಾಜು ಮಾಡುವುದನ್ನು ಕಲಿತುಬಿಡುತ್ತಾರೆ.

ವಿಷಯ ಇಷ್ಟೆ. ಹೆಸರಿಲ್ಲದ ಮರಿಗುದುರೆ ನಮ್ಮೂರಿನಲ್ಲಿ ಓಡುವುದಿಲ್ಲ. ಎಷ್ಟು ಅಟ್ಟಿದರೂ ನಿಂತ ಜಾಗದಲ್ಲೇ ನಿಂತು ಕಿವಿ ಅಲ್ಲಾಡಿಸುತ್ತದೆ. ಅದರ ಕಿವಿಯಲ್ಲಿ ಯಾರಾದರೂ ಒಂದು ಹೆಸರು ಕರೆದರೆ ಓಡುತ್ತದೆ. ಅಲ್ಲಿಂದ ಮುಂದೆ ಆ ಮರಿಗೆ ಮನುಷ್ಯರು ಕೊಟ್ಟ ಪೆಟ್ಟು ಹೆಸರಿಟ್ಟವರ ಮೈಯಲ್ಲಿಯೂ ಅದೇ ಜಾಗದಲ್ಲಿ ಏಳುತ್ತದೆ. ಮರಿಗೆ ನೋವಾಗುವುದಿಲ್ಲ ಎಂದಲ್ಲ. ಅದಕ್ಕೂ ಆಗುತ್ತದೆ. ಆದರೆ ಅದು ಯಾರ ಬಳಿಯೂ ದೂರು ಹೇಳಿಕೊಳ್ಳದ ಕಾರಣ ಆ ಭಾಗ ಚರ್ಚೆಗೆ ಬರುವುದಿಲ್ಲ. ಹೆಸರಿಟ್ಟವರು ತಡೆಯಲಾರದೆ ಬಾಯಿಬಿಟ್ಟು "ಸಾಕು" ಅಂದರೆ, ಅವರು ಎಲ್ಲೇ ಇರಲಿ, ಅಂದು ಹೊತ್ತು ಮುಳುಗುವ ತನಕ ಚಾಟಿಯ ಪೆಟ್ಟು ಮರಿಗೂ ತಾಗದೆ, ಅವರಿಗೂ ತಾಗದೆ, ಚಾಟಿ ಹಿಡಿದವರ ಮೈಗೇ ತಿರುಗುತ್ತದೆ. ಹಾಗಾದಾಗ ತರಬೇತಿ ಕೊಡುವವರು ಚಾಟಿಯನ್ನು ಮೊಳೆಗೆ ತೂಗುಹಾಕಿ ಟೀ ಕುಡಿಯಲು ಹೋಗುತ್ತಾರೆ. ಮುಂದೆ ಬೇರೆ ಯಾರಾದರೂ ಮರಿಯ ಕಿವಿಯಲ್ಲಿ ಹೊಸ ಹೆಸರು ಕರೆದರೆ ಹಳಬರಿಗೆ ಬಿಡುಗಡೆ. ಈ ನಿಯಮಗಳನ್ನು ಮಾಡಿದವರು ಯಾರೆಂದು ನಾವು ಕೇಳಿಕೊಂಡವರಲ್ಲ. ಬಿಸಿಲನ್ನು ಮಾಡಿದವರು ಯಾರೆಂದೂ ಕೇಳಿಲ್ಲ. ಕೊಡೆ ಕೊಂಡಿದ್ದೇವೆ, ಅಷ್ಟೆ.

ಹಿಂದೆ ಮಾಲೀಕರೇ ತಮ್ಮ ಮರಿಗಳಿಗೆ ಹೆಸರಿಡುತ್ತಿದ್ದರು. ಆ ಕಾಲದ ಕುದುರೆಗಳು ಮದುವೆ ದಿಬ್ಬಣದ ಗತಿಯಲ್ಲಿ ಬಹಳ ಮರ್ಯಾದೆಯಿಂದ ಓಡುತ್ತಿದ್ದವಂತೆ. ನೋಡಲು ಬಂದವರು ಓಟದ ನಡುವೆ ಮನೆಗೆ ಹೋಗಿ ಊಟ ಮಾಡಿಕೊಂಡು ಬರಬಹುದಿತ್ತಂತೆ. ಆಮೇಲೆ ಒಬ್ಬ ಮಾಲೀಕರಿಗೆ ತಮ್ಮ ಅಡುಗೆಯವನಿಂದಲೂ ಹೆಸರಿಡಿಸಬಹುದಲ್ಲ ಎಂದು ಹೊಳೆಯಿತು. ನಮ್ಮೂರಿನ ರೇಸು ಪ್ರಗತಿ ಹೊಂದಿದ್ದು ಆ ವರ್ಷದಿಂದ. ನಾನು ಊರಿನ ಸಂಜೆ ಪತ್ರಿಕೆಗೆ ರೇಸಿನ ಸುದ್ದಿ ಬರೆಯುವವನು. ನಮ್ಮಲ್ಲಿ "ಹೊಡೆತ" ಎಂಬ ಪದವನ್ನು ಬಳಸುವಂತಿಲ್ಲ, "ತಿದ್ದುಪಾಠ" ಎಂದು ಬರೆಯಬೇಕು. ಕುಂಟುವ ಮರಿ ವಿಶ್ರಾಂತಿಯಲ್ಲಿರುತ್ತದೆ. ಸತ್ತ ಮರಿ ಹಂಗಾಮಿನಿಂದ ಹಿಂದೆ ಸರಿದಿರುತ್ತದೆ. ಪೈಲ್ವಾನ್ ಚೌಡಪ್ಪನ ವಿಷಯವಾಗಿ ಇಲ್ಲಿ ಹೇಳುವುದರಲ್ಲಿ ನಾನು ಕಣ್ಣಾರೆ ಕಂಡದ್ದೇ ಹೆಚ್ಚು. ಕಾಣದ್ದನ್ನು ಅವನಿಂದಲೂ ಅವನ ಹೆಂಡತಿ ಹೊನ್ನಮ್ಮನಿಂದಲೂ ಬೇರೆಬೇರೆಯಾಗಿ ಕೇಳಿ, ಎರಡೂ ತಾಳೆಯಾದದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಚೌಡಪ್ಪನ ಬೆನ್ನು ನಮ್ಮೂರಿನ ಆಸ್ತಿ. ಅವನು ಕುಸ್ತಿ ಆಡುತ್ತಿದ್ದ ಕಾಲದಲ್ಲಿ ಆ ಬೆನ್ನಿಗೆ ಅಖಾಡದ ಮಣ್ಣು ಮೆತ್ತಿದ್ದನ್ನು ಕಂಡವರಿಲ್ಲ. ವಯಸ್ಸಾಗಿ ಕುಸ್ತಿ ಬಿಟ್ಟ ಮೇಲೆ ಗರಡಿಮನೆಯಲ್ಲಿ ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದ. ಬೆಳಗ್ಗೆ ಗರಡಿಯ ಜಗಲಿಯಲ್ಲಿ ಅಂಗಿಯಿಲ್ಲದೆ ಕೂತು ಎಣ್ಣೆ ತಿಕ್ಕಿಸಿಕೊಳ್ಳುವಾಗ ದಾರಿಹೋಕರು ನಿಂತು ನೋಡುತ್ತಿದ್ದರು. ಅವನ ಹಳೆಯ ಎದುರಾಳಿ ಇಮಾಂ ಪೈಲ್ವಾನ್ ಈಗ ಗರಡಿಯ ಎದುರಿಗೇ ಸೋಡಾ ಅಂಗಡಿ ಇಟ್ಟಿದ್ದ. ಆ ಬೆನ್ನಿನ ಅಡಿಯಲ್ಲಿ ಸಿಕ್ಕಿ ಉಸಿರುಗಟ್ಟಿದ್ದೇ ತನ್ನ ಜೀವನದ ದೊಡ್ಡ ಅನುಭವವೆಂದು ಅವನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ.

ರೇಸ್ ಕ್ಲಬ್ಬಿನ ಅಧ್ಯಕ್ಷರಾದ ದೊರೆಸ್ವಾಮಯ್ಯನವರು ಒಂದು ಹಂಗಾಮಿನ ಆರಂಭದಲ್ಲಿ ತಾವೇ ನಡೆದುಕೊಂಡು ಚೌಡಪ್ಪನ ಮನೆಗೆ ಬಂದರು. ಅವರ ಲಾಯದ ಮರಿಗಳಿಗೆ ಅದುವರೆಗೆ ಹೆಸರಿಡುತ್ತಿದ್ದವನು ಒಬ್ಬ ದರ್ಜಿ. ಅವನು ಮೊದಲ ಏಟಿಗೇ "ಸಾಕು" ಎನ್ನುತ್ತಿದ್ದ. ಕೆಲವು ದಿನ ಚಾಟಿಯನ್ನು ಮೊಳೆಯಿಂದ ತೆಗೆಯುವ ಹೊತ್ತಿಗೇ ಅಂದುಬಿಡುತ್ತಿದ್ದನೆಂದು ಲಾಯದವರ ದೂರು. ಊರಿನವರು ಅವನಿಗೆ ಸಾಕಪ್ಪ ಎಂದೇ ಹೆಸರಿಟ್ಟಿದ್ದರು. ಆ ಲಾಯದಿಂದ ಹೋದ ಹಂಗಾಮಿನಲ್ಲಿ ಒಂದು ಕುದುರೆಯೂ ಗೆದ್ದಿರಲಿಲ್ಲ.

"ಈ ಊರಲ್ಲಿ ಬೆನ್ನಿಗೇನೂ ಬರ ಇಲ್ಲ ಚೌಡಪ್ಪ," ಎಂದರು ದೊರೆಸ್ವಾಮಯ್ಯನವರು. "ತೊಂದರೆ ಬಾಯಿಂದಲೇ."

"ಸಾಕು" ಎಂಬ ಮಾತನ್ನು ತನಗೆ ಯಾವ ಉಸ್ತಾದನೂ ಕಲಿಸಿಲ್ಲವೆಂದು ಚೌಡಪ್ಪ ಉತ್ತರ ಕೊಟ್ಟ. ದೊರೆಸ್ವಾಮಯ್ಯನವರಿಗೆ ಬೇಕಾದದ್ದು ಅದೇ. ಅವರು ಹೋದ ಮೇಲೆ ಹೊನ್ನಮ್ಮ ಲೋಟ ತೊಳೆಯುತ್ತ, ಹೆಸರಿಡೋದಕ್ಕೆ ಪೈಲ್ವಾನರೇ ಯಾಕೆ ಬೇಕು ಎಂದು ಕೇಳಿದಳಂತೆ. ತಮ್ಮ ಮನೆಯ ಮಕ್ಕಳಿಗೆಲ್ಲ ಹೆಸರಿಟ್ಟದ್ದು ಸೋದರತ್ತೆ. ಅವಳು ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದಳು. ಆದರೆ ಕುಸ್ತಿ ಬಿಟ್ಟ ಮೇಲೆ ಚೌಡಪ್ಪನ ಬೆನ್ನನ್ನು ಕೆಲಸಕ್ಕೆ ಕರೆದವರು ದೊರೆಸ್ವಾಮಯ್ಯನವರೇ ಮೊದಲು.

ಮರಿ ಹೆಣ್ಣು. ಇನ್ನೂ ಎರಡು ವರ್ಷ ತುಂಬಿದೆಯೋ ಇಲ್ಲವೋ ಎನ್ನುವಂಥದ್ದು. ಕಾಲು ಉದ್ದ, ಎದೆ ಸಣ್ಣದು, ಮೂಳೆ ಇನ್ನೂ ಬಲಿತಿರಲಿಲ್ಲ. ದೊರೆಸ್ವಾಮಯ್ಯನವರು ಅದಕ್ಕೆ "ಮಿಡ್‌ನೈಟ್ ಎಂಪ್ರೆಸ್" ಎಂಬ ಹೆಸರನ್ನು ಆರಿಸಿ, ಚೌಡಪ್ಪನಿಗೆ ಅದನ್ನು ಉರುಹೊಡೆಯಲು ಹೇಳಿದ್ದರು. ಅವನು ದಂಡ ಬಸ್ಕಿ ಹೊಡೆಯುವಾಗಲೂ ಅದನ್ನೇ ಹೇಳಿಕೊಂಡಿದ್ದ. ಹೆಸರಿಡುವ ದಿನ ಬ್ಯಾಂಡಿನವರು, ಕ್ಲಬ್ಬಿನ ಸದಸ್ಯರು, ನಾನು, ಎಲ್ಲರೂ ಸುತ್ತ ನಿಂತಿದ್ದೆವು. ಚೌಡಪ್ಪ ಬಗ್ಗಿ ಮರಿಯ ಕಿವಿಯ ಹತ್ತಿರ ಬಾಯಿ ತಂದ. ಮರಿ ಅವನ ಅಂಗೈಯನ್ನು ಮೂಸಿ, ಬೆಚ್ಚಗೆ ಒಮ್ಮೆ ಉಸಿರುಬಿಟ್ಟು, ಸೀನಿತು. ಉರುಹೊಡೆದದ್ದೆಲ್ಲ ಮರೆತುಹೋಗಿ ಅವನ ಬಾಯಿಂದ "ಗೋರಂಟಿ" ಎಂದು ಬಂತು. ಮರಿಯ ಮೈಬಣ್ಣ ಅರೆದ ಗೋರಂಟಿಯ ಹಾಗೇ ಇದ್ದದ್ದು ನಿಜ. ದೊರೆಸ್ವಾಮಯ್ಯನವರ ಮುಖ ಹುಳ್ಳಗಾಯಿತು. ಆದರೆ ಮರಿ ಆಗಲೇ ಓಡಲು ಶುರುಮಾಡಿತ್ತು, ಬ್ಯಾಂಡು ಬಾರಿಸುತ್ತಿತ್ತು.

ಗೋರಂಟಿಗೆ ತರಬೇತಿ ಕೊಡುತ್ತಿದ್ದವರು ಕೇಶವಮೂರ್ತಿ. ಊರಿನಲ್ಲಿ ಅವರನ್ನು ಮೂರ್ತಿ ಮಾಸ್ತರ್ ಎನ್ನುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಮನೆಯಲ್ಲಿ ಇರುವೆಯ ಸಾಲನ್ನು ದಾಟಿ ಕಾಲಿಡುವ ಮನುಷ್ಯ. ಚಾಟಿಯನ್ನು ಅವರು ಸೀಮೆಸುಣ್ಣದ ಹಾಗೆ ಎರಡು ಬೆರಳಿನಲ್ಲಿ ಹಿಡಿಯುತ್ತಿದ್ದರು. ಗೋರಂಟಿಗೆ ಓಟ ಶುರುವಾಗುವ ಕಬ್ಬಿಣದ ಗೂಡು ಕಂಡರೆ ಭಯ. ಮುಂಗಾಲು ಊರಿ ನಿಂತುಬಿಡುತ್ತಿತ್ತು. ಗೂಡಿಗೆ ಹೆದರುವ ಮರಿಗೆ ಗೂಡಿಗಿಂತ ಹೆಚ್ಚು ಹೆದರಬೇಕಾದದ್ದು ಹಿಂದೆ ಇದೆ ಎಂದು ತಿಳಿಸಿಕೊಡಬೇಕು, ಆಗ ಅದು ತಾನಾಗಿ ಗೂಡಿಗೆ ಹೋಗುತ್ತದೆ. ಇದು ಮಾಸ್ತರರ ಸಿದ್ಧಾಂತ. ಇದನ್ನು ಅವರು ನನ್ನ ಮುಂದೆ ಬಹಳ ಸಮಾಧಾನದಿಂದ ವಿವರಿಸಿದ್ದರು. ನಾನು ಅದನ್ನು "ಮಾಸ್ತರರ ಮನಃಶಾಸ್ತ್ರ" ಎಂಬ ತಲೆಬರಹದಲ್ಲಿ ಬರೆದಿದ್ದೆ.

ಪಾಠ ಬೆಳಗಿನ ಹೊತ್ತು. ಅದೇ ಹೊತ್ತಿಗೆ ಗರಡಿಯ ಜಗಲಿಯ ಮುಂದೆ ಜನ ಸೇರತೊಡಗಿದರು. ಚೌಡಪ್ಪ ಬರಿಮೈಯಲ್ಲಿ, ತೊಡೆಯ ಮೇಲೆ ಕೈಯೂರಿ ಕೂತಿರುತ್ತಿದ್ದ. ಊರಾಚೆ ಮೈದಾನದಲ್ಲಿ ಚಾಟಿ ಬೀಸಿದ್ದು ನಮಗೆ ಕೇಳಿಸುತ್ತಿರಲಿಲ್ಲ. ಇಲ್ಲಿ ಅವನ ಬೆನ್ನಿನ ಮೇಲೆ ಯಾರೋ ಒಳಗಿನಿಂದ ಬೆರಳಿನಲ್ಲಿ ಗೀಚಿದ ಹಾಗೆ ಒಂದು ಬಾಸುಂಡೆ ಏಳುತ್ತಿತ್ತು. ಚೌಡಪ್ಪ ಕಣ್ಣುರೆಪ್ಪೆ ಹೊಡೆಯುತ್ತಿರಲಿಲ್ಲ. ಇನ್ನೊಂದು ಏಳುತ್ತಿತ್ತು. ಜನ ಶಹಭಾಷ್ ಎನ್ನುತ್ತಿದ್ದರು. ಗರಡಿಯ ಹುಡುಗರಿಗೆ ಅದು ಸಂಯಮದ ಪಾಠವಾಯಿತು, ಇಮಾಮನಿಗೆ ವ್ಯಾಪಾರವಾಯಿತು. ಚೌಡಪ್ಪ ಕುಸ್ತಿಯಾಡುತ್ತಿದ್ದಾಗಲೂ ಇಷ್ಟು ಸೋಡಾ ಹೋಗಿರಲಿಲ್ಲವೆಂದು ಅವನೇ ಒಪ್ಪಿಕೊಂಡ. ಪಕ್ಕದ ಓಣಿಯ ಹೆಂಗಸರು ಅಳುವ ಮಕ್ಕಳನ್ನು ಎತ್ತಿಕೊಂಡು ಬಂದು, ನೋಡು, ಆ ಮಾವ ಅಳ್ತಾರಾ, ಎಂದು ತೋರಿಸಿ ಹೋಗುತ್ತಿದ್ದರು. ಚೌಡಪ್ಪ ಬಹಳ ಸಂತೋಷದಲ್ಲಿದ್ದ. ನೋವಿರಲಿಲ್ಲ ಎಂದಲ್ಲ, ರಾತ್ರಿ ಬೋರಲು ಮಲಗಬೇಕಾಗಿತ್ತು. ಆದರೆ ನೋಡುವವರಿದ್ದ ನೋವು ಅವನಿಗೆ ಹಳೆಯ ಪರಿಚಯ.

ಹೆಸರಿಟ್ಟವರು ಲಾಯದ ಕಡೆ ಹೋಗುವ ವಾಡಿಕೆ ಇಲ್ಲ. ಚೌಡಪ್ಪ ಹೋದದ್ದು ಕಾಲಿನ ದೆಸೆಯಿಂದ. ಒಂದು ದಿನ ಅವನಿಗೆ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯಲ್ಲಿ, ಸುತ್ತಿಗೆಯಿಂದ ಬಡಿದ ಹಾಗೆ ನೋವು ಹತ್ತಿಕೊಂಡಿತು. ಎಳೆಯ ಮರಿಯನ್ನು ಗಟ್ಟಿನೆಲದಲ್ಲಿ ಮಿತಿಮೀರಿ ಓಡಿಸಿದಾಗ ಮುಂಗಾಲಿಗೆ ಬರುವ ನೋವು ಅದೆಂದು ಅವನಿಗೆ ಗೊತ್ತಿರಲಿಲ್ಲ. ಬೆನ್ನಿನ ಲೆಕ್ಕದಲ್ಲಿ ಕಾಲು ಸೇರಿಲ್ಲವಲ್ಲ ಎಂದು ವಿಚಾರಿಸಲು ಅವನು ಕುಂಟುತ್ತ ಮೈದಾನಕ್ಕೆ ಹೋದ. ಅಲ್ಲಿ ಗೋರಂಟಿಯೂ ಕುಂಟುತ್ತಿತ್ತು.

ಮೂರ್ತಿ ಮಾಸ್ತರರು ಅವನನ್ನು ಕಂಡು ಬಹಳ ಆದರದಿಂದ ಬರಮಾಡಿಕೊಂಡರು. "ನಿಮ್ಮಂಥವರು ಸಿಕ್ಕಿದ್ದು ಈ ಮರಿಯ ಪುಣ್ಯ ಪೈಲ್ವಾನರೇ," ಎಂದರು. "ಆ ದರ್ಜಿ ಇದ್ದಾಗ ಪಾಠ ಶುರುಮಾಡೋ ಹೊತ್ತಿಗೆ ಗಂಟೆ ಹೊಡೆದ ಹಾಗೆ ಆಗ್ತಿತ್ತು. ಈಗ ನೋಡಿ, ನನ್ನ ಕೈ ಸೋಲೋವರೆಗೂ ಕಲಿಸಬಹುದು. ನೀವು ತಡೀತೀರಿ ಅಂತ ತಾನೆ."

ಮೈದಾನದ ಅಂಚಿನ ಲಾಯದಲ್ಲಿ, ಗೋರಂಟಿಯ ಪಕ್ಕದ ಕೋಣೆಯಲ್ಲಿ, ದರ್ಜಿ ಹೆಸರಿಟ್ಟಿದ್ದ ಗಂಡು ಮರಿ ನಿಂತಿತ್ತು. ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಯಾವ ಕೆಲಸಕ್ಕೂ ಬಾರದ್ದು ಎಂದು ಮಾಸ್ತರರು ಅದನ್ನು ಪರಿಚಯ ಮಾಡಿಸಿದರು. ಅದು ಹುಲ್ಲು ಅಗಿಯುತ್ತ, ನಿಂತಲ್ಲೇ ತೂಕಡಿಸುತ್ತಿತ್ತು. ಗೋರಂಟಿಯ ಹತ್ತಿರ ಹೋಗಿ ಚೌಡಪ್ಪ ಅಂಗೈ ಚಾಚಿದ. ಅದು ಈ ಸಲ ಮೂಸಲಿಲ್ಲ. ಕೈ ಮೇಲಕ್ಕೆ ಬಂದದ್ದನ್ನು ಕಂಡದ್ದೇ ಗೋಡೆಗೆ ಅಂಟಿಕೊಂಡು, ಬಿಳಿಗಣ್ಣು ಮಾಡಿ ನಡುಗಿತು. ಅದರ ಬೆನ್ನಿನ ಮೇಲಿನ ಬಾಸುಂಡೆಗಳನ್ನು ಅವನು ನೋಡಿದ. ಪ್ರತಿದಿನ ಹೊನ್ನಮ್ಮ ಅರಿಸಿನ ಹಚ್ಚುವಾಗ ಅವಳ ಬೆರಳು ಹೋಗುವ ದಾರಿಗಳೇ ಅವು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಜನ ಶಹಭಾಷ್ ಎಂದ ಒಂದೊಂದೂ ಅಲ್ಲಿತ್ತು.

ಆ ದಿನ ಅವನು ಊಟ ಮಾಡಲಿಲ್ಲ. ಹೊನ್ನಮ್ಮ ಕೇಳಿದ್ದಕ್ಕೆ, ತಾನು ತಡೆದುಕೊಂಡಷ್ಟೂ ಅದಕ್ಕೆ ಬೀಳುತ್ತದೆ ಎಂದ. ದರ್ಜಿಯ ಮರಿ ಬಸುರಿಯ ಹಾಗೆ ಮೈತುಂಬಿಕೊಂಡಿದೆ, ಅವನು ಹೇಡಿಯಾದ್ದರಿಂದ, ಎಂದ.

"ಹಂಗಾದ್ರೆ ನೀನೂ ಅನ್ನು," ಎಂದಳು ಹೊನ್ನಮ್ಮ.

"ಏನಂತ?"

"ಅದೇ. ಆ ದರ್ಜಿ ಅಂತಿದ್ದದ್ದು."

"ನನ್ ಬಾಯಿಗೆ ಬರಾಕಿಲ್ಲ ಅದು."

"ಗೋರಂಟಿ ಅಂತ ಬಂತಲ್ಲ, ಯಾರೂ ಹೇಳ್ಕೊಡದೆ. ಇದೂ ಬತ್ತದೆ, ನುಂಗಬ್ಯಾಡ."

ಮರುದಿನ ಬೆಳಗ್ಗೆ ಜಗಲಿಯ ಮುಂದೆ ಎಂದಿಗಿಂತ ಹೆಚ್ಚು ಜನವಿದ್ದರು. ಮೊದಲ ಬಾಸುಂಡೆ ಎದ್ದಿತು. ಚೌಡಪ್ಪ ತುಟಿ ತೆರೆದು ಮುಚ್ಚಿದ. ಎರಡನೆಯದು ಎದ್ದಾಗ, ಯಾರದೋ ಮನೆಯ ವಿಷಯ ಕೇಳುವವನ ಹಾಗೆ ತಗ್ಗಿದ ದನಿಯಲ್ಲಿ "ಸಾಕು" ಎಂದ. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಅಂದ. ಜನ ಸ್ವಲ್ಪ ಹೊತ್ತು ಕಾದರು, ಇದೂ ಯಾವುದೋ ಪಟ್ಟಿನ ಆರಂಭವಿರಬಹುದೆಂದು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು. ಮಕ್ಕಳನ್ನು ಎತ್ತಿಕೊಂಡು ಬಂದಿದ್ದ ಹೆಂಗಸರು ಮಕ್ಕಳ ಮುಖವನ್ನು ಸೆರಗಿನೊಳಗೆ ತಿರುಗಿಸಿಕೊಂಡರು. ಇಮಾಂ ತೆರೆದಿದ್ದ ಸೋಡಾವನ್ನು ತಾನೇ ಕುಡಿದ. ಆ ಸಂಜೆಯಿಂದ ಗರಡಿಯ ಹುಡುಗರು ಚೌಡಪ್ಪನ ಕಾಲಿಗೆ ಬೀಳುವುದನ್ನು ನಿಲ್ಲಿಸಿ, ದೂರದಿಂದ ಕೈಮುಗಿಯತೊಡಗಿದರು. ಮೈದಾನದಲ್ಲಿ ಅದೇ ಹೊತ್ತಿಗೆ ಮೂರ್ತಿ ಮಾಸ್ತರರು, ಅಭ್ಯಾಸಬಲದಿಂದ, ಮೂರನೆಯ ಏಟು ಬೀಸಿದ್ದರು. ಅದು ಬಂದು ಅವರ ಇಸ್ತ್ರಿ ಅಂಗಿಯೊಳಗೆ ಎದ್ದಿತು. ಚಾಟಿಯ ಜೊತೆ ಅಷ್ಟು ವರ್ಷದ ಒಡನಾಟವಿದ್ದರೂ ಅದರ ಈ ಬದಿಯ ಪರಿಚಯ ಅವರಿಗಿರಲಿಲ್ಲ. ಅಲ್ಲಿಯೇ ಕೂತುಬಿಟ್ಟರಂತೆ. ಈ ಚಾಟಿ ಮನುಷ್ಯರ ಬಳಕೆಗೆ ಯೋಗ್ಯವಲ್ಲ ಎಂದು ಕ್ಲಬ್ಬಿಗೆ ತಿಳಿಸಿ, ರಜೆ ಪಡೆದು ಮನೆಗೆ ಹೋದರು.

ಮಾಸ್ತರರು ರಜೆಯಿಂದ ಬಂದದ್ದು ಒಂದು ಉಪಾಯದೊಂದಿಗೆ. ಎಳೆಯ ಕುದುರೆಗಳು ಓಡುವಾಗ ನಾಲಿಗೆಯನ್ನು ಲಗಾಮಿನ ಕಬ್ಬಿಣದ ಮೇಲೆ ಹಾಕಿಕೊಂಡು ಲಗಾಮನ್ನು ವ್ಯರ್ಥ ಮಾಡುವುದುಂಟು. ಹಾಗಾಗದಂತೆ ನಾಲಿಗೆಯನ್ನು ಪಟ್ಟಿಯಿಂದ ಕೆಳದವಡೆಗೆ ಬಿಗಿಯುವ ಪದ್ಧತಿ ಹಳೆಯದು. ಅದರ ಬಗ್ಗೆ ಯಾರ ಆಕ್ಷೇಪವೂ ಇಲ್ಲ. ಮಾಸ್ತರರು ಗೋರಂಟಿಯ ನಾಲಿಗೆಯನ್ನು ಓಟಕ್ಕೆ ಮೊದಲಲ್ಲ, ಪಾಠಕ್ಕೆ ಮೊದಲು ಬಿಗಿದರು. ಜಗಲಿಯಲ್ಲಿ ಒಬ್ಬನೇ ಕೂತಿದ್ದ ಚೌಡಪ್ಪನ ನಾಲಿಗೆ ಕೆಳಕ್ಕೆ ಕಚ್ಚಿಕೊಂಡಿತು. ಬಾಸುಂಡೆಗಳು ಏಳತೊಡಗಿದವು. ಅವನು ಬಾಯಿ ತೆರೆದ. ಆ, ಆ ಎಂದು ಮಾತ್ರ ಬಂತು. "ಸಾಕು" ಎಂಬ ಪದವನ್ನು ಕಲಿತ ಮೇಲೆ ಅದು ಬಾಯಿಗೆ ಸಿಗಲಿಲ್ಲ. ಹೊನ್ನಮ್ಮ ಬಂದು ನೋಡುವ ಹೊತ್ತಿಗೆ ಅವನು ಬೆನ್ನು ಮೇಲಾಗಿ ಜಗಲಿಯಿಂದ ಕೆಳಗೆ ಬಿದ್ದಿದ್ದ, ಮೂಗಿನ ತುಂಬ ಮಣ್ಣು.

ಹೊನ್ನಮ್ಮ ನೇರವಾಗಿ ನಮ್ಮ ಕಚೇರಿಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. ತನ್ನ ಗಂಡನ ಬಾಯನ್ನೂ ಆ ಮರಿಯ ಬಾಯನ್ನೂ ಕಟ್ಟಿ ಹೊಡೆದಿದ್ದಾರೆ, ಬರೆದುಕೊಳ್ಳಿ, ಎಂದಳು. ನಾನು ಎರಡನ್ನೂ ಬರೆದೆ. ಸಂಪಾದಕರು ಜಾಗದ ಅಭಾವದಿಂದ ಒಂದನ್ನು ತೆಗೆದರು. "ಪೈಲ್ವಾನನ ನಾಲಿಗೆ ಕಟ್ಟಿದರು" ಎಂಬ ಸುದ್ದಿ ಸಂಜೆ ಹೊರಬಿದ್ದಾಗ ಊರು ಹೊತ್ತಿಕೊಂಡಿತು. "ಸಾಕು" ಅಂದ ದಿನ ಅವನಿಗೆ ಬೆನ್ನು ತಿರುಗಿಸಿದವರೇ ಮೆರವಣಿಗೆಯಲ್ಲಿ ಮುಂದಿದ್ದರು. ಒಬ್ಬ ಕುಸ್ತಿಪಟುವಿನ ಸೋಲೊಪ್ಪುವ ಹಕ್ಕನ್ನು ಕಸಿಯಲಾಗಿದೆ ಎಂದು ಗರಡಿಯ ಹಿರಿಯರು ಭಾಷಣ ಮಾಡಿದರು. ಯಾರೋ ಒಬ್ಬರು ಕುದುರೆಯ ಚಿತ್ರವೊಂದನ್ನು ಹಿಡಿದುಕೊಂಡು ಬಂದಿದ್ದರು. ಅದು ಸಂದರ್ಭಕ್ಕೆ ಹೊಂದುವುದಿಲ್ಲವೆಂದು ಅವರನ್ನು ಸಾಲಿನ ಹಿಂದಕ್ಕೆ ಕಳಿಸಲಾಯಿತು.

ದೊರೆಸ್ವಾಮಯ್ಯನವರು ಜನರ ಭಾವನೆಗೆ ಸ್ಪಂದಿಸುವ ಮನುಷ್ಯ. ಸಭೆ ಕರೆದು, ಇನ್ನು ಮುಂದೆ ಬಡವರ ಬೆನ್ನನ್ನು ಬಳಸುವ ಅನಿಷ್ಟ ಪದ್ಧತಿ ನಿಲ್ಲಬೇಕೆಂದರು. ಒಬ್ಬನ ಬೆನ್ನಿಗೆ ಊರಿನಷ್ಟು ಪೆಟ್ಟು ಬೀಳುವ ಬದಲು, ಊರಿನ ಎಲ್ಲ ಬೆನ್ನುಗಳೂ ಅದನ್ನು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಊರೆಲ್ಲ ಸೇರಿ ಮರಿಗೆ ಹೊಸ ಹೆಸರಿಡೋಣ ಎಂದರು. ಚಪ್ಪಾಳೆ ನಿಲ್ಲಲಿಲ್ಲ. ನಾಲಿಗೆಯ ಪಟ್ಟಿಯನ್ನು ಬಿಚ್ಚಿಸಿದ್ದರಿಂದ ಮಾತು ಬಂದಿದ್ದ ಚೌಡಪ್ಪನೂ ಒಪ್ಪಿದ. ಅವನ ಒಪ್ಪಿಗೆಗೆ ಕಾರಣ ಬೇರೆ. ಒಬ್ಬನಿಗೆ ಬಿದ್ದರೆ ತಮಾಷೆ ನೋಡುತ್ತಾರೆ, ಊರಿಗೇ ಬಿದ್ದರೆ ಊರೇ ಸಾಕು ಅನ್ನುತ್ತದೆ ಎಂದು ಅವನು ಹೊನ್ನಮ್ಮನಿಗೆ ಹೇಳಿದ್ದ. ಹೊನ್ನಮ್ಮ, ನೋಡುವಾ, ಎಂದಿದ್ದಳು.

ಮೈದಾನದಲ್ಲಿ ಊರಿಗೆ ಊರೇ ನೆರೆಯಿತು. ಮರಿಯ ಕಿವಿಗೆ ನೇರವಾಗಿ ಧ್ವನಿವರ್ಧಕ ಹಿಡಿದರು. ಚೌಡಪ್ಪನನ್ನು ಮೊದಲ ಸಾಲಿನಲ್ಲಿ, ಹಾರ ಹಾಕಿ ನಿಲ್ಲಿಸಿದರು. ಕ್ಲಬ್ಬಿನವರು ಕೈ ಬೀಸಿದೊಡನೆ ಗಂಡಸರು, ಹೆಂಗಸರು, ಮಕ್ಕಳು ಒಂದೇ ಕೊರಳಿನಲ್ಲಿ "ನಮ್ಮೂರ ಹೆಮ್ಮೆ" ಎಂದು ಕೂಗಿದರು. ಚೌಡಪ್ಪನೂ ಕೂಗಿದ. ಮರಿ ಹಗ್ಗ ಜಗ್ಗಿ, ಎರಡು ಕಾಲಿನ ಮೇಲೆ ನಿಂತು, ಬಿದ್ದು, ಎದ್ದಿತು. ಚೌಡಪ್ಪನ ಬೆನ್ನಿನ ಉರಿ ಆ ಕ್ಷಣವೇ ಆರಿಹೋಯಿತು. ದೊರೆಸ್ವಾಮಯ್ಯನವರು ಅವನ ಬೆನ್ನು ತಟ್ಟಿದರು. ಅದು ತಟ್ಟಿದಂತೆಯೇ ಅನ್ನಿಸಿತು.

ಮರುದಿನ ಬೆಳಗ್ಗೆ ಊರಿಗೆ ಬೆನ್ನು ತುರಿಸಿತು. ಸೊಳ್ಳೆ ಕಡಿದಷ್ಟು, ಅದಕ್ಕಿಂತ ಹೆಚ್ಚಲ್ಲ. ಮೊದಮೊದಲು ಜನ ಒಬ್ಬರನ್ನೊಬ್ಬರು ನೋಡಿ ನಕ್ಕರು. ವಾರ ಕಳೆಯುವುದರೊಳಗೆ ಅದಕ್ಕೆ ಹೆಮ್ಮೆತುರಿ ಎಂದು ಹೆಸರು ಬಂತು. ಬಿದಿರಿನ ತುರಿಗೈಗಳು ಸಂತೆಗೆ ಬಂದವು. ನಮ್ಮ ಪತ್ರಿಕೆಗೆ ಪೌಡರಿನ ಜಾಹೀರಾತು ಸಿಕ್ಕಿತು. ತುರಿ ಜೋರಾದ ದಿನ ಹೋಟೆಲಿನಲ್ಲಿ ಜನ ಕಂಬಕ್ಕೆ ಬೆನ್ನು ಉಜ್ಜಿಕೊಂಡು, ಮರಿ ಚೆನ್ನಾಗಿ ಕಲೀತಿದೆ ಎಂದು ಮೆಚ್ಚಿಕೊಳ್ಳುತ್ತಿದ್ದರು. ಮಾಸ್ತರರು ಮತ್ತೆ ನಾಲಿಗೆ ಬಿಗಿಯಲು ಶುರುಮಾಡಿದ್ದರಿಂದ ಬೆಳಗಿನ ಹೊತ್ತು ಊರಿನವರ ಮಾತೆಲ್ಲ ಚೂರು ತೊದಲುತ್ತಿತ್ತು. ಶಾಲೆಯಲ್ಲಿ ಮಗ್ಗಿಯನ್ನು, ದೇವಸ್ಥಾನದಲ್ಲಿ ಮಂತ್ರವನ್ನು ಮಧ್ಯಾಹ್ನಕ್ಕೆ ಮುಂದೂಡಲಾಯಿತು. ಅದರಿಂದ ಯಾರಿಗೂ ಅನನುಕೂಲವಾಗಲಿಲ್ಲ.

ಚೌಡಪ್ಪ ಕಾದ. ಯಾರಾದರೂ ಅನ್ನುತ್ತಾರೆ ಎಂದು ಹೋಟೆಲಿನಲ್ಲಿ, ಗರಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ ಕೂತು ಕಾದ. ನೀವು ಯಾಕೆ ಅನ್ನಬಾರದು ಎಂದು ನಾಲ್ಕು ಜನರನ್ನು ಕೇಳಿಯೂ ನೋಡಿದ. ಇಷ್ಟಕ್ಕೆಲ್ಲ ಯಾರಾದರೂ ಸಾಕು ಅಂತಾರಾ ಎಂದು ಅವರು ಆಶ್ಚರ್ಯಪಟ್ಟರು. ಇದು ಊರಿನ ಮಾನದ ಪ್ರಶ್ನೆ ಎಂದು ಕ್ಷೌರಿಕ, ಕತ್ತಿಯನ್ನು ಚೌಡಪ್ಪನ ಗಂಟಲ ಮೇಲಿಟ್ಟುಕೊಂಡೇ ಹೇಳಿದ. ಸಾಕಪ್ಪನೆಂದು ಹೆಸರಾಗಿದ್ದ ದರ್ಜಿ ಕೂಡ, ತನಗೆ ತುರಿಯೇ ಗೊತ್ತಾಗುವುದಿಲ್ಲವೆಂದು ಎದೆಯುಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಧೈರ್ಯಶಾಲಿಗಳ ಸಾಲಿನಲ್ಲಿ ಜಾಗ ಸಿಕ್ಕಿತ್ತು.

ಕೊನೆಗೆ ಚೌಡಪ್ಪ ಮೈದಾನಕ್ಕೆ ಹೋದ. ನಾನೂ ಆ ದಿನ ಅಲ್ಲಿದ್ದೆ. ಮಾಸ್ತರರು ಈಗ ಒಬ್ಬರೇ ಅಲ್ಲ, ಕೈ ಸೋತಾಗ ಬದಲಿಗೆ ಇಬ್ಬರು ಸಹಾಯಕರಿದ್ದರು. ಮರಿಯ ಬೆನ್ನಿನಲ್ಲಿ ಹೊಸ ಬಾಸುಂಡೆಗೆ ಜಾಗ ಉಳಿಯದೆ ಹಳೆಯದರ ಮೇಲೇ ಬೀಳುತ್ತಿತ್ತು. ಬಾಯಿಯ ಅಂಚಿನಲ್ಲಿ ಕೆಂಪು ನೊರೆ. ಅದು ಗೂಡಿನ ಕಡೆಗೂ ಹೋಗುತ್ತಿರಲಿಲ್ಲ, ಚಾಟಿಯಿಂದ ದೂರವೂ ಹೋಗುತ್ತಿರಲಿಲ್ಲ. ತಲೆ ಇಳಿಬಿಟ್ಟು ನಿಂತಿತ್ತು. ಮೊದಲಿನಷ್ಟು ಮನಸ್ಸಿಗೆ ಕಿರಿಕಿರಿ ಇಲ್ಲವೆಂದು ಮಾಸ್ತರರು ನನ್ನ ಬಳಿ ಹೇಳಿದರು. ಈಗ ಯಾರಿಗೂ ತೊಂದರೆ ಇಲ್ಲವಲ್ಲ ಎಂದರು. ಅವರು ಚಾಟಿ ಎತ್ತಿ ಬೀಸಿದರು. ನನ್ನ ಬೆನ್ನಿನಲ್ಲೂ ಒಂದು ಕಡೆ ತುರಿಸಿತು.

"ಚಾಕು," ಎಂದ ಚೌಡಪ್ಪ. ನಾಲಿಗೆ ಚೂರು ತೊದಲಿತು, ಅಷ್ಟೆ. ಊರಿಗೆಲ್ಲ ಹಂಚಿಹೋದ ಪಟ್ಟಿ ಒಂದು ಬಾಯನ್ನು ಮುಚ್ಚುವಷ್ಟು ಬಿಗಿಯಾಗಿರಲಿಲ್ಲ. ಮಾಸ್ತರರ ಮುಂದಿನ ಏಟು ಮಾಸ್ತರರಿಗೇ ಬಿತ್ತು. ಅವರು ಬೇಲಿಯನ್ನು ಹಿಡಿದುಕೊಂಡು ಸುತ್ತ ನೋಡಿದರು. ಅಂದವರು ಯಾರು ಎಂದು ಕೇಳಿದರು.

"ನಾನು. ನಾನೂ ಹೆಸರಿಟ್ಟೀನಲ್ಲ, ಎಲ್ಲರ ಜೊತೆ."

"ಇಷ್ಟು ಸಣ್ಣದಕ್ಕಾ ಪೈಲ್ವಾನರೇ?"

"ಹೂಂ."

ಅಲ್ಲಿಂದ ಪ್ರತಿ ಬೆಳಗ್ಗೆ ಅವನು ಬೇಲಿಯ ಪಕ್ಕ ನಿಂತು ಮೊದಲ ತುರಿಗೇ ಆ ಮಾತನ್ನು ಹೇಳತೊಡಗಿದ. ಪಾಠ ಒಂದೇ ಏಟಿಗೆ ಮುಗಿಯುತ್ತಿತ್ತು. ಕ್ಲಬ್ಬಿನವರು ತುರ್ತು ಸಭೆ ಸೇರಿ, ಇನ್ನು ಮುಂದೆ ಹೆಸರಿಟ್ಟವರಲ್ಲಿ ಬಹುಮತ ಬಂದರೆ ಮಾತ್ರ "ಸಾಕು" ಊರ್ಜಿತ ಎಂದು ನಿರ್ಣಯ ಮಾಡಿದರು. ನಿರ್ಣಯದ ಮೇಲೆ ನಂಬಿಕೆಯಿಟ್ಟು ಮೂರ್ತಿ ಮಾಸ್ತರರು ಮರುದಿನ ಚಾಟಿ ಬೀಸಿದರು. ನಿರ್ಣಯ ತಡೆಯಲಿಲ್ಲ; ಅವರು ಮೂರು ದಿನ ಬೋರಲು ಮಲಗಿದರು. ಚೌಡಪ್ಪನೊಬ್ಬನನ್ನು ಬಿಟ್ಟು ಊರಿನವರೆಲ್ಲ ಮತ್ತೊಮ್ಮೆ ಹೊಸ ಹೆಸರಿಡಬಹುದೆಂಬ ಸಲಹೆ ಬಂತು. ಆದರೆ ರೇಸು ಹತ್ತಿರ ಬಂದಿತ್ತು, ಊರಿನ ಅರ್ಧ ಜನ ಆಗಲೇ "ನಮ್ಮೂರ ಹೆಮ್ಮೆ"ಯ ಮೇಲೆ ಬಾಜಿ ಕಟ್ಟಿದ್ದರು. ಹೆಸರು ಬದಲಾದರೆ ಬಾಜಿ ಬಿದ್ದುಹೋಗುತ್ತದೆಂದು ಅವರೇ ಒಪ್ಪಲಿಲ್ಲ.

ಬೀದಿಯಲ್ಲಿ ಚೌಡಪ್ಪ ಹೋದರೆ ಸಣ್ಣ ಮಕ್ಕಳು ಬೆನ್ನು ಕೆರೆದುಕೊಂಡು, ಅಯ್ಯೋ ಸಾಕು, ಎಂದು ನರಳುವ ಆಟ ಕಲಿತವು. ಗರಡಿಯವರು, ಪೈಲ್ವಾನರಿಗೆ ವಿಶ್ರಾಂತಿ ಬೇಕು ಎಂದು ಅವನನ್ನು ಬರಬೇಡವೆಂದರು. ಹೊನ್ನಮ್ಮ ನೀರಿಗೆ ಹೋದಲ್ಲಿ, ಮನೆಯಲ್ಲಿ ಸೊಳ್ಳೆಪರದೆ ಕಟ್ಟಿದ್ದೀರಾ ಎಂದು ಕೇಳುವವರಿದ್ದರು. ಚಾಟಿ ಹಿಡಿದ ಸೊಳ್ಳೆಗೆ ಪರದೆ ಸಾಲದು ಎಂದು ಅವಳು ಉತ್ತರ ಕೊಟ್ಟಳೆಂದು ಕೇಳಿದ್ದೇನೆ; ಇದೊಂದು ತಾಳೆಯಾಗಲಿಲ್ಲ.

ರೇಸಿನ ದಿನ ನಿಲ್ಲಲು ಜಾಗವಿರಲಿಲ್ಲ. ಮರಿ ಗೂಡಿನಿಂದ ಕೊನೆಯದಾಗಿ ಹೊರಬಂತು, ಆದರೂ ಮೊದಲ ತಿರುವಿನಲ್ಲಿ ಮೂರನೆಯ ಸ್ಥಾನಕ್ಕೆ ಬಂದಿತ್ತು. ಜನ ಎದ್ದು ನಿಂತರು. ಕೊನೆಯ ತಿರುವಿನಲ್ಲಿ ಜಾಕಿ ಚಾಟಿ ಎತ್ತಿ ಬೀಸಿದ. ಇಡೀ ಸ್ಟ್ಯಾಂಡಿನ ಕೈಗಳು ಏಕಕಾಲಕ್ಕೆ ಬೆನ್ನ ಹಿಂದೆ ಹೋದವು. ಕೂಗು ಇನ್ನೂ ಜೋರಾಯಿತು. ಆ ಕೂಗಿನ ನಡುವೆ ಚೌಡಪ್ಪ ಅಂದದ್ದು ಪಕ್ಕದಲ್ಲಿದ್ದವರಿಗೂ ಕೇಳಿಸಿರಲಾರದು. ಜಾಕಿ ಎರಡನೆಯ ಏಟು ಬೀಸಿ, ಕಿರುಚಿ, ಚಾಟಿ ಬಿಟ್ಟುಬಿಟ್ಟ. ಮರಿ ಒಂದಷ್ಟು ದೂರ ಮುಂದಿನ ಏಟನ್ನು ಕಾಯುತ್ತ ಓಡಿತು. ಅದು ಬರಲಿಲ್ಲ. ಓಟ ಸಡಿಲವಾಯಿತು, ಕಿವಿಗಳು ಮುಂದಕ್ಕೆ ಬಂದವು. ಉಳಿದ ಕುದುರೆಗಳೆಲ್ಲ ದಾಟಿಹೋದ ಮೇಲೆ ಅದು ಗೆರೆ ಮುಟ್ಟಿ, ಬೇಲಿಯ ಬುಡದ ಹುಲ್ಲಿಗೆ ಬಾಯಿ ಹಾಕಿತು.

ಚಾಟಿಗೆ ಓಡದ ಕುದುರೆ ತಮ್ಮ ಲಾಯಕ್ಕೆ ಬೇಡವೆಂದು, ಇವತ್ತಿನಿಂದಲೇ ಅದನ್ನು ಪಾಠದಿಂದ ತೆಗೆದು ಯಾರಿಗಾದರೂ ಗಾಡಿಗೋ ಹೊಲಕ್ಕೋ ಕೊಟ್ಟುಬಿಡಿ ಎಂದು ದೊರೆಸ್ವಾಮಯ್ಯನವರು ಎಲ್ಲರ ಎದುರಿಗೇ ಹೇಳಿ ಕಾರು ಹತ್ತಿದರು. ಜನ ಚೌಡಪ್ಪನನ್ನು ಸುತ್ತುವರಿದರು. ಹೊಡೆಯುವಷ್ಟು ಸಿಟ್ಟು ಎಲ್ಲರಿಗೂ ಇತ್ತು. ಆ ಬೆನ್ನಿನ ಹಳೆಯ ಹೆಸರು ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿದ್ದುದರಿಂದ ಯಾರೂ ಮೊದಲು ಕೈ ಎತ್ತಲಿಲ್ಲ. ಇಮಾಂ ಪೈಲ್ವಾನ್ ಜನರನ್ನು ಸರಿಸಿಕೊಂಡು ಮುಂದೆ ಬಂದ. ಅವನೂ ಬಾಜಿ ಕಟ್ಟಿದ್ದ.

"ಚೌಡ, ನಿನ್ನ ಬೆನ್ನು ಏನಂತ ನಂಗೊತ್ತು, ಈ ಊರಿಗೂ ಗೊತ್ತು," ಎಂದ. "ಒಂದು ಸೊಳ್ಳೆ ಕಡಿದಷ್ಟು ತುರಿ. ಹಸುಗೂಸು ತಡ್ಕೊಂಡೈತೆ, ಮುದುಕೀರು ತಡ್ಕೊಂಡವ್ರೆ, ಆ ದರ್ಜಿ ತಡ್ಕೊಂಡ. ನಿನ್ ಕೈಲಿ ತಡ್ಕೊಳ್ಳಾಕಾಗ್ಲಿಲ್ವಾ?"

ಹಲವರ ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು. ಚೌಡಪ್ಪ ಅವರ ತಲೆಗಳ ಮೇಲಿಂದ ಬೇಲಿಯ ಕಡೆ ನೋಡಿ, ಮತ್ತೆ ಇಮಾಮನ ಕಡೆ ತಿರುಗಿದ.

"ಇಲ್ಲ ಇಮಾಂ," ಎಂದ. "ನನ್ ಕೈಲಿ ಆಗ್ಲಿಲ್ಲ."